ಫ್ರಿಜ್ಜಿಗೆ ಹೋಗಿ ಬಂದ ಆಲೂಗೆಡ್ಡೆ

ಅರಕಲಗೂಡಿನಲ್ಲಿ ಗಂಗಾಂಬಿಕೆಯ ಆಲೂಗೆಡ್ಡೆ ಚಿಪ್ಸ್ ಎಂದರೆ ಬೆಳ್ಳಗಿರಬೇಕು, ಕಡಿದ ಸದ್ದು ಪಕ್ಕದ ಮನೆಗೆ ಕೇಳಬೇಕು. ಅಂಥವಳ ಕೈಯಿಂದ ಈ ದೀಪಾವಳಿಗೆ ಬೀಗರ ತಟ್ಟೆಗೆ ಬಿದ್ದದ್ದು ಸುಟ್ಟ ಬೆಲ್ಲದ ಬಣ್ಣದ ಚೂರುಗಳು. ಬೀಗಿತ್ತಿ ಒಂದನ್ನು ಕಚ್ಚಿ, ಉಳಿದದ್ದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದಳು. ಗಂಗಾಂಬಿಕೆಗೆ ಮೂಗು ಕೊಯ್ದಂತಾಯಿತು.

ಎಣ್ಣೆ ಹೊಸದು, ಉರಿ ಹದವಾಗಿತ್ತು. ಹಾಗಾದರೆ ತಪ್ಪು ಗೆಡ್ಡೆಯದೇ. ಕೊಣನೂರು ಕಡೆಯ ರೈತ ದ್ಯಾವಯ್ಯ ಅವಳು ಮದುವೆಯಾಗಿ ಬಂದಾಗಿನಿಂದ ಈ ಮನೆಗೆ ಆಲೂಗೆಡ್ಡೆ ತರುತ್ತಿದ್ದವನು. ಮುಂದಿನ ಸಲ ಅವನು ಬಾಗಿಲಿಗೆ ಬಂದಾಗ ಅವಳು ಹಿಂದುಮುಂದು ನೋಡಲಿಲ್ಲ.

"ನಂಬಿದ್ದಕ್ಕೆ ಕೆಟ್ಟ ಮಾಲು ಸುರುದ್ಬುಟ್ಟೆ ಕಣಯ್ಯಾ. ಇನ್ನು ಈ ಮೆಟ್ಲು ಅತ್ಬ್ಯಾಡ."

"ನಮ್ಮನೇಲೂ ಅದ್ನೇ ತಿಂತಾ ಇವ್ನಿ ಗಂಗಕ್ಕ" ಎಂದ ದ್ಯಾವಯ್ಯ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಸೊಸೆ ರಂಜಿತಾಳ ನಾಲಿಗೆಯ ತುದಿಗೂ ಬಂದಿರಬೇಕು, ಆದರೆ ನುಂಗಿಕೊಂಡಳು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅವಳು ಕೇಳಿದ್ದು ಒಂದೇ ಮಾತು.

"ಗೆಡ್ಡೆ ಎಲ್ಲಿಟ್ಟಿದ್ರಿ ಅತ್ತೆ?"

"ಫ್ರಿಜ್ಜಲ್ಲಿ. ಮೊಳಕೆ ಬರ್ದೇ ಇರ್ಲಿ ಅಂತ." ಗೌರಿ ಹಬ್ಬಕ್ಕೆ ಮಗ ರುದ್ರೇಶ ತಂದ ಎರಡು ಬಾಗಿಲಿನ ಫ್ರಿಜ್ಜನ್ನು ಖಾಲಿ ಬಿಡಲು ಗಂಗಾಂಬಿಕೆಗೆ ಮನಸ್ಸು ಬಂದಿರಲಿಲ್ಲ.

ರಂಜಿತಾ ಒಲೆಯ ಪಕ್ಕ ಕೂತು ಬಿಡಿಸಿ ಹೇಳಿದಳು. ಎಲೆ ಹಗಲಲ್ಲಿ ಬಿಸಿಲು ಹಿಡಿದು ಸಕ್ಕರೆ ಮಾಡುತ್ತದೆ. ಅದರಲ್ಲಿ ಒಂದು ಪಾಲನ್ನು ಪಿಷ್ಟ ಮಾಡಿ ತನ್ನಲ್ಲೇ ಇಟ್ಟುಕೊಂಡು, ರಾತ್ರಿ ಅದನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ಉಣ್ಣುತ್ತದೆ, ಬೆಳಗಿನವರೆಗೂ ಬರುವಂತೆ. ಕತ್ತಲು ಬೇಗ ಬಂದರೆ ಬಡಿಸುವುದನ್ನೂ ಕಡಿಮೆ ಮಾಡುತ್ತದೆ. ಗೆಡ್ಡೆಗೆ ಇಳಿದ ಸಕ್ಕರೆ ಅಲ್ಲಿ ಪಿಷ್ಟವಾಗಿ ಕೂರುತ್ತದೆ. ಫ್ರಿಜ್ಜಿನಂಥ ಚಳಿ ತಗುಲಿದರೆ ಗೆಡ್ಡೆಯೊಳಗೆ ಪಿಷ್ಟ ಮತ್ತೆ ಸಕ್ಕರೆಯಾಗುತ್ತದೆ. ಆ ಸಕ್ಕರೆಯೇ ಕಾದ ಎಣ್ಣೆಯಲ್ಲಿ ಕಂದುಬಣ್ಣಕ್ಕೆ ತಿರುಗುವುದು.

ಗಂಗಾಂಬಿಕೆಯ ಮನಸ್ಸು ಎಲೆಯ ಮಾತಿನಲ್ಲೇ ನಿಂತಿತ್ತು. ತುಂಬಿದ ಮನೆಗೆ ಇದ್ದ ಅಕ್ಕಿಯಲ್ಲೇ ಎಲ್ಲರಿಗೂ ಬರುವಂತೆ ಬಡಿಸಿದ ಕೈ ಅವಳದು.

"ಎಲೆಗೆ ಇದ್ನೆಲ್ಲಾ ಯೋಳ್ಕೊಟ್ಟೋರ್ಯಾರು?"

"ಯಾರೂ ಇಲ್ಲ ಅತ್ತೆ. ಬೆಳಕು ಎಷ್ಟು ಹೊತ್ತು ಇತ್ತು, ಪಿಷ್ಟ ಎಷ್ಟಿದೆ, ಎರಡೂ ಅದಕ್ಕೆ ಗೊತ್ತಾಗುತ್ತೆ."

"ಶಿವನೇ" ಎಂದು ಅವಳು ಫ್ರಿಜ್ಜಿನ ಕಡೆ ತಿರುಗಿದಳು. ಆಮೇಲೆ ಕೇಳಿದಳು, "ಈಗ ಆ ಗೆಡ್ಡೆ ಕೆಟ್ಟೋದಂಗೇನಾ?"

"ಬೆಚ್ಚಗಿಡಿ. ಸಕ್ಕರೆ ಒಂದಷ್ಟು ಹಿಂದಕ್ಕೆ ಪಿಷ್ಟ ಆಗುತ್ತೆ."

ಉಳಿದ ಗೆಡ್ಡೆ ಮಂಕರಿ ಬುಟ್ಟಿಗೆ ಬಿದ್ದು, ಒಣ ಸೋಗೆ ಹೊದ್ದು, ಬಚ್ಚಲ ಒಲೆಯ ಹಿಂದಿನ ಮೂಲೆ ಸೇರಿತು. ಗಂಗಾಂಬಿಕೆ ಬಾಣಂತಿಯನ್ನು ನೋಡಿಕೊಂಡಂತೆ ದಿನಾ ಹೋಗಿ ಮುಟ್ಟಿ ನೋಡುತ್ತಿದ್ದಳು. ಬೆಳ್ಳಗಾಗದಿದ್ದರೆ ಸೊಸೆಯ ಪಾಠ ಸುಳ್ಳು, ಬೆಳ್ಳಗಾದರೆ ತಾನು ದ್ಯಾವಯ್ಯನಿಗೆ ಅಂದದ್ದು ಸುಳ್ಳು. ಎರಡರಲ್ಲಿ ಯಾವುದು ಆಗಲಿ ಎಂದು ಅವಳಿಗೇ ತಿಳಿಯದು. ಎರಡು ವಾರ ಕಳೆದ ಮೇಲೆ ಹೆಚ್ಚಿ ಎಣ್ಣೆಗೆ ಬಿಟ್ಟಳು.

ಒಂದೆರಡರ ಅಂಚು ಕೆಂಪಾಗಿತ್ತು. ಉಳಿದವೆಲ್ಲ ಬೆಳ್ಳಗಿದ್ದವು.

ಅವಳು ಒಂದನ್ನೂ ಬಾಯಿಗೆ ಹಾಕಲಿಲ್ಲ. ಅಷ್ಟನ್ನೂ ಡಬ್ಬಿಗೆ ತುಂಬಿ, ಸೀರೆ ಬದಲಿಸಿ, ಕೊಣನೂರು ಬಸ್ಸು ಹತ್ತಿದಳು.

ದ್ಯಾವಯ್ಯ ಕಣದಲ್ಲಿ ಜೋಳ ಹರಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿನ್ ಗೆಡ್ಡೇಲಿ ಐಬಿರ್ಲಿಲ್ಲ ಕಣಯ್ಯಾ. ನಾನೇ ಫ್ರಿಜ್ಜಲ್ಲಿಟ್ಟು ಕೆಡ್ಸಿದ್ದೆ" ಎಂದು ಗಂಗಾಂಬಿಕೆ ಡಬ್ಬಿ ಚಾಚಿದಳು. "ಅದು ಮೊದ್ಲಿನಂಗೆ ತಿರುಗ್ಕಂತು. ನಾನೂ ತಿರುಗ್ಕಂಡು ಬಂದಿವ್ನಿ."

ದ್ಯಾವಯ್ಯ ಒಂದು ಚಿಪ್ಸ್ ತೆಗೆದು ಕಡಿದ. ಸದ್ದು ಪಕ್ಕದ ಮನೆಗೆ ಕೇಳುವಂತಿತ್ತು.

"ಒಳೀಕ್ ಬನ್ನಿ ಗಂಗಕ್ಕ" ಎಂದ. "ಈ ಸಲದ ಗೆಡ್ಡೆ ನಿಮ್ಗೇ ಅಂತ ತೆಗ್ದಿಟ್ಟಿವ್ನಿ."