ಪ್ಯಾಕಿನ ಮೇಲಿನ ಮುಖ

ಗಂಟಲಿನ ಆಪರೇಷನ್ ಆದಮೇಲೆ ಕಂಡಕ್ಟರನ ದನಿ ಹೋಯಿತು. ಇಡೀ ಬಸ್ಸನ್ನೇ ಗದರಿಸುತ್ತಿದ್ದ ಮನುಷ್ಯ ಈಗ ನೀರು ಬೇಕಾದರೂ ಲೋಟ ಕುಟ್ಟಬೇಕಿತ್ತು. ಆರೋಗ್ಯ ಇಲಾಖೆಯವರು ಮನೆಗೆ ಬಂದು, ಹೊಸ ಕಾನೂನಿನಂತೆ ಸಿಗರೇಟು ಪ್ಯಾಕಿನ ಮೇಲೆ ರೋಗಿಯ ಫೋಟೋ ಹಾಕಬೇಕು, ನಿಮ್ಮದನ್ನು ಕೊಡುತ್ತೀರಾ ಎಂದಾಗ, ಹೆಂಡತಿ ಬಾಯಿ ತೆರೆಯುವ ಮೊದಲೇ ಅವನು ಆಗಲಿ ಎಂದು ತಲೆಯಾಡಿಸಿಬಿಟ್ಟ. ಯಾಕೆಂದು ಅವಳಿಗೆ ಗೊತ್ತಿತ್ತು. ಮಗ ದಿನಕ್ಕೆ ಒಂದೆರಡು ಬಿಡಿ ಸಿಗರೇಟು ಕೊಂಡು ಸೇದುತ್ತಿದ್ದ. ಅಪ್ಪನ ಮುಖ ನೋಡಿಯಾದರೂ ಬಿಟ್ಟಾನು ಎಂಬುದೊಂದೇ ಇಬ್ಬರ ಆಸೆ.

ಫೋಟೋ ತೆಗೆಯುವ ದಿನ ಕಂಡಕ್ಟರ್ ಗಡ್ಡ ಬೋಳಿಸಿ, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಮದುವೆ ಗಂಡಿನ ಹಾಗೆ ಕೂತ. ಫೋಟೋದವನು ತಲೆ ಚಚ್ಚಿಕೊಂಡ.

"ನಗಬೇಡಿ ಯಜಮಾನ್ರೇ! ಜನ ನೋಡಿ ಹೆದರ್ಕೋಬೇಕು. ಕಾಲರ್ ಗುಂಡಿ ಬಿಚ್ಚಿ, ಗಂಟಲಿನ ತೂತು ಕಾಣ್ಲಿ."

ಹೆಂಡತಿಯೇ ಎದ್ದು ಗುಂಡಿ ಬಿಚ್ಚಿದಳು. ಅಂಥ ಕೆಲಸ ಯಾರ ಪಾಲಿಗೂ ಬರಬಾರದು.

ಕಂಪನಿಯವರು ಸುಮ್ಮನೆ ಕೂರುತ್ತಾರೆಯೇ? ಚಿತ್ರ ದೊಡ್ಡದಾಯಿತು, ಹೊಟ್ಟೆಯ ಮೇಲೆ ಹೊಡೆದಂತಾಯಿತು ಎಂದು ಕೋರ್ಟಿನಲ್ಲಿ ಗೋಳಾಡಿದರು. ಸಿಗರೇಟಿನಲ್ಲಿ ಏನೇನು ಬೆರೆಸುತ್ತೀರಿ, ಬಹಿರಂಗಪಡಿಸಿ ಎಂದರೆ ವ್ಯಾಪಾರದ ಗುಟ್ಟು ಎಂದರು. ಅವರ ಗುಟ್ಟು ಅವರಲ್ಲೇ ಉಳಿಯಿತು. ಬಯಲಾಗಿದ್ದು ಕಂಡಕ್ಟರನ ಗಂಟಲು ಮಾತ್ರ. ಕೇಸು ಎಳೆದೂ ಎಳೆದೂ, ಪ್ಯಾಕು ಅಂಗಡಿಗೆ ಬರುವ ಹೊತ್ತಿಗೆ ಅವನು ಮಣ್ಣು ಸೇರಿದ್ದ.

ಗಂಡನ ಮುಖ ನೋಡಬೇಕೆಂದು ಅವಳು ಬೀದಿ ಕೊನೆಯ ಅಂಗಡಿಗೆ ಹೋದಳು. ಅಂಗಡಿಯವನು ಪ್ಯಾಕುಗಳನ್ನೆಲ್ಲ ಗೋಡೆಗೆ ಮುಖ ಮಾಡಿ ಜೋಡಿಸಿದ್ದ.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಅಣ್ಣನ ಫೋಟೋ ಕಂಡ್ರೆ ಗಿರಾಕಿಗಳು ಬೇರೆ ಚಿತ್ರದ್ದು ಕೊಡು ಅಂತಾರೆ. ಇದೇ ಬೇಕು ಅಂತ ಕೇಳಿ ತಗೊಳ್ಳೋನು ನಿಮ್ಮ ಮಗ ಒಬ್ನೇ."

ಮನೆಗೆ ಬಂದವಳೇ ಮಗನ ಬೀರು ತೆರೆದಳು. ಬಟ್ಟೆಗಳ ಹಿಂದೆ ಒಂದು ತಗಡಿನ ಡಬ್ಬ ಇತ್ತು. ಅದರ ತುಂಬ, ಅಂಚು ಸಮನಾಗಿ ಕತ್ತರಿಸಿದ ಕಂಡಕ್ಟರನ ಮುಖಗಳು. ಎಲ್ಲವೂ ಒಂದೇ ಮುಖ.

ಸಂಜೆ ಮಗ ಬಂದಾಗ ಡಬ್ಬ ಅವಳ ಮಡಿಲಲ್ಲೇ ಇತ್ತು.

"ಏನೋ ಇದು?"

"ಬೇರೆಯವ್ರು ಸೇದಿ ಚರಂಡೀಗೆ ಎಸೀತಾರಮ್ಮ. ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಒಬ್ಬ ಅಪ್ಪನ ಮುಖದ ಮೇಲೇ ಉಗಿದ. ನೋಡ್ಕೊಂಡು ಹೇಗಿರ್ಲಿ? ಅದಕ್ಕೇ ಅಂಗಡೀಲಿ ಅಪ್ಪನ್ದು ಇದ್ದಷ್ಟೂ ನಾನೇ ತಂದುಬಿಡ್ತೀನಿ."

"ಒಳಗಿನ ಸಿಗರೇಟು?"

"ದುಡ್ಡು ಕೊಟ್ಟು ತಂದದ್ದಲ್ವಾ..." ಎಂದವನು ಮಾತು ಮುಗಿಸಲಾರದೆ ಕೆಮ್ಮಿದ.

ಅವಳು ಅತ್ತಳು. ಅತ್ತು ಮುಗಿದ ಮೇಲೆ ಮುಖಗಳನ್ನು ಒತ್ತಿ ಒತ್ತಿ ಒಳಗೆ ಸೇರಿಸಿದಳು. ಎಷ್ಟು ಒತ್ತಿದರೂ ಮುಚ್ಚಳ ಕೂರಲಿಲ್ಲ. ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬ ಖಾಲಿ ಮಾಡಿ, ಒರೆಸಿ, ತಂದು ಮಗನ ಮುಂದಿಟ್ಟಳು.