ತಾನಾಗಿ ಬರುವ ತನಕ

ಗವ್ರಿಲ ತನ್ನ ರೊಟ್ಟಿಡಬ್ಬಿಯನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲಿಟ್ಟ. ಇಟ್ಟವನು ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ಅವನ ಉಗುರುಸಂದಿಯಲ್ಲಿ ಕಲ್ಲಿದ್ದಲ ಕಪ್ಪಿನ ಬದಲು ಸಿಮೆಂಟು ಒಣಗಿ ಕೂತಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

"ಸಬೀನನ ಇನ್‌ಸ್ಪೆಕ್ಟರ್ ಇದು ಅತ್ತಿಗೆ," ಅಂದ. "ಗೋಡೆ ಮುಚ್ಚೋ ಹೊತ್ತಿಗೆ ಹೊರಗೆ ಬಂತು."

ಗೋಡೆಯ ಸುದ್ದಿ ನನಗೆ ಮುಟ್ಟಿತ್ತು. ಸೋಮವಾರ ಗಣಿಯ ಏಳನೇ ಸೆಕ್ಷನ್ನಿನಲ್ಲಿ ಅನಿಲ ಸ್ಫೋಟಿಸಿತ್ತು. ನನ್ನ ಗಂಡ ಸಬೀನ, ಅವನ ಜೊತೆ ಇನ್ನು ಮೂವರು ಒಳಗೆ. ಬೆಂಕಿಗೆ ಗಾಳಿ ಸಿಕ್ಕರೆ ಇಡೀ ಗಣಿ ಹತ್ತಿಕೊಳ್ಳುತ್ತದೆ, ಸೆಕ್ಷನ್ ಮುಚ್ಚಲೇಬೇಕು ಎಂದು ಮುಖ್ಯ ಇಂಜಿನಿಯರ್ ಹೇಳಿದ. ಮೊದಲ ಐದು ನಿಮಿಷದಾಚೆಗೆ ಒಳಗೆ ಯಾರೂ ಬದುಕಿರುವ ಪ್ರಶ್ನೆಯೇ ಇಲ್ಲ ಎಂದೂ ಹೇಳಿದ. ಹೇಳಿದ್ದು ನೆಲದ ಮೇಲೆ, ಕಚೇರಿಯಲ್ಲಿ, ಪಾಲಿಶ್ ಹಾಕಿದ ಬೂಟಿನಲ್ಲಿ ನಿಂತು. ಬುಧವಾರ ಬೆಳಗಿನ ಪಾಳಿಯವರಿಂದ ಇಟ್ಟಿಗೆಗೋಡೆ ಕಟ್ಟಿಸಿದರು. ಕಟ್ಟಿದವರಲ್ಲಿ ಗವ್ರಿಲನೂ ಒಬ್ಬ. ಹದಿನಾರು ವರ್ಷ ಸಬೀನನ ಒರ್ತಾಕ್ ಆಗಿದ್ದವನು. ನಮ್ಮ ಜಿಯು ಕಣಿವೆಯಲ್ಲಿ ಒರ್ತಾಕ್ ಅಂದರೆ ಹೆಂಡತಿಗೆ ಗೊತ್ತಿಲ್ಲದ್ದೂ ಗೊತ್ತಿರುವವನು, ಗಣಿಯೊಳಗೆ ಬೆನ್ನು ಕಾಯುವವನು. ಸೋಮವಾರ ಅವನಿಗೆ ಬೇರೆ ಪಾಳಿ ಬಿದ್ದಿತ್ತು. ಅವನು ಉಳಿದದ್ದಕ್ಕೆ ಅದೊಂದೇ ಕಾರಣ.

ನಾನು ಏನೂ ಕೇಳದೆಯೇ ಅವನು ಹೇಳತೊಡಗಿದ. ಗೋಡೆ ಏರುವ ಮುಂಚೆ ಗಾಳಿಕೊಳವೆಗೆ ಕಿವಿ ಇಟ್ಟು ಕೇಳಿದ್ದನಂತೆ. ಸಿಕ್ಕಿಬಿದ್ದವರಲ್ಲಿ ಎಷ್ಟು ಜನಕ್ಕೆ ಜೀವವಿದೆಯೋ ಅಷ್ಟು ಸಲ ಕೊಳವೆಗೆ ಬಡಿಯಬೇಕು, ಇದು ಈ ಊರಿನ ಮಕ್ಕಳಿಗೂ ಗೊತ್ತು. ಒಂದು ಬಡಿತವೂ ಕೇಳಲಿಲ್ಲ. ಆದರೆ ಕೊಳವೆ ಒಳಗೆಲ್ಲೋ ತುಂಡಾಗಿರಬಹುದು ಎಂದು ಅವನಿಗೆ ಅನುಮಾನ. ಹಾಗೆಂದು ಫೋರ್‌ಮನ್‌ಗೆ ಹೇಳಿದ. ನಿನ್ನ ಕೆಲಸ ಗಾರೆ ಕಲಸೋದು ಎಂದು ಫೋರ್‌ಮನ್ ಅಂದ. ಕಡೆಯ ನಾಲ್ಕು ಇಟ್ಟಿಗೆ ಬಾಕಿ ಇದ್ದಾಗ ಕೊಳವೆಯ ಪಕ್ಕದ ಸಂದಿಯಿಂದ ಇನ್‌ಸ್ಪೆಕ್ಟರ್, ಸಬೀನನ ಇಲಿ, ಮೂತಿ ಹೊರಗೆ ಹಾಕಿತು. ಗವ್ರಿಲ ಡಬ್ಬಿಯಲ್ಲಿ ಹಂದಿಕೊಬ್ಬಿನ ಚೂರಿಟ್ಟು, ಅದರ ಮುಂದೆ ಸರಿಸಿ, ಹಿಂದೆ ಹೋಗಿ ಕೂತ. ಬಹಳ ಹೊತ್ತು ಯೋಚಿಸಿ ಅದು ತಾನಾಗಿ ಒಳಗೆ ಹೋಯಿತು. ಇವನು ಮುಚ್ಚಳ ಹಾಕಿದ. ಆಮೇಲೆ ಸಂದಿಗೆ ಗಾರೆ ಬಳಿದ.

"ಮುಟ್ಟಿಲ್ಲ ತಾನೆ?"

"ಎಲ್ಲಾದ್ರೂ ಮುಟ್ತಾರಾ ಅತ್ತಿಗೆ."

ಗಣಿಯ ಇಲಿಯನ್ನು ಕೈ ಹಾಕಿ ಹಿಡಿಯಬಾರದು. ಚಾವಣಿ ಕುಸಿಯುವ ಮುನ್ನ, ಅನಿಲ ಬರುವ ಮುನ್ನ ಮೊದಲು ಓಡುವುದು ಅದು. ಅದರ ಹಿಂದೆ ಓಡಿ ಬದುಕಿದವರ ಮೊಮ್ಮಕ್ಕಳು ಈ ಊರಿನ ಬೀದಿಬೀದಿಯಲ್ಲಿದ್ದಾರೆ. ಅದಕ್ಕೇ ರೊಟ್ಟಿಯ ಕಡೆಯ ತುತ್ತು ಅದರ ಪಾಲು. ಬಲವಂತದಿಂದ ಇಲಿ ಹಿಡಿದ ಕೈಯನ್ನು ಚಾವಣಿ ಮರೆಯುವುದಿಲ್ಲ ಅನ್ನುತ್ತಾರೆ. ಹಸಿದರೆ ಬರಲಿ, ನಂಬಿದರೆ ಹತ್ತಲಿ, ತಾನಾಗಿ ಬರಲಿ. ಮೇಲಿನವರು ನಮ್ಮ ಗಂಡಸರ ವಿಷಯದಲ್ಲಿ ಇಷ್ಟು ಮರ್ಯಾದೆಯ ಕಟ್ಟಳೆ ಒಂದನ್ನೂ ಇಟ್ಟುಕೊಂಡಿರಲಿಲ್ಲ.

ಇದು ಎಳೆಯ ಇಲಿ. ಚಳಿಗಾಲದ ಕೊನೆಗೆ ಸಬೀನನ ಕಣ್ಣಿಗೆ ಬಿದ್ದದ್ದು. ಕೆಲಸ ಮಾಡದೆ ಊಟದ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಎಲ್ಲರೂ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟಿದ್ದರು. ಸ್ಫೋಟದ ಹಿಂದಿನ ಶನಿವಾರ ಸಬೀನ ಬೂಟು ಬಿಚ್ಚುವ ಮುನ್ನವೇ ಹೇಳಿದ್ದ, ಇವತ್ತು ನನ್ನ ಅಂಗೈಗೆ ಹತ್ತಿತು ಎಂದು. ಬೇರೆ ಯಾರ ಕೈಗೂ ಅದು ಹತ್ತಿರಲಿಲ್ಲ.

ಸಬೀನನಿಗೆ ಗೋರಿ ಇಲ್ಲ. ಇಟ್ಟಿಗೆಗೋಡೆಯೇ ಗೋರಿ, ಅದರ ಮುಂದೆ ಮೇಣದಬತ್ತಿ ಹಚ್ಚಲು ಹೆಂಗಸರನ್ನು ಕೆಳಗೆ ಬಿಡುವುದಿಲ್ಲ. ನಲವತ್ತನೇ ದಿನ ಸತ್ತವರ ಹೆಸರಿನಲ್ಲಿ ರೊಟ್ಟಿ ಕೊಡಬೇಕು. ಕೊಡುವವರ ಕೈಯಿಂದ ಪಡೆಯುವವರ ಕೈಗೆ ನೇರವಾಗಿ ಹೋಗಬೇಕು, ಆಗಲೇ ಅದು ಸತ್ತವರಿಗೆ ಮುಟ್ಟುವುದು. ಚರ್ಚಿನ ಬಾಗಿಲಲ್ಲಿ ಬಡವರಿಗೆ ಕೊಡು ಎಂದು ಪಾದ್ರಿ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಸಬೀನ ಇದ್ದಲ್ಲಿಂದ ಬಂದ ಜೀವ ಇದೊಂದೇ. ನಲವತ್ತನೇ ದಿನ ಇದು ನನ್ನ ಕೈಯಿಂದ ರೊಟ್ಟಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದಿದ್ದರೆ ಅವನು ಹಸಿದೇ ಹೋಗುತ್ತಾನೆ. ಆ ದಿನಗಳಲ್ಲಿ ನನಗೆ ಉಳಿದಿದ್ದ ಆಸೆ ಅಷ್ಟೇ.

ಡಬ್ಬಿ ಬಿಚ್ಚಿದ ಕೂಡಲೇ ಅದು ಒಲೆಯ ಹಿಂದೆ ಹೊಕ್ಕಿತು. ಮೂರು ದಿನ ಬಾಲವೂ ಕಾಣಲಿಲ್ಲ. ಮೆಕ್ಕೆಜೋಳದ ಮುದ್ದೆ ಇಟ್ಟೆ, ಕೊಬ್ಬು ಇಟ್ಟೆ, ವಾಲ್‌ನಟ್ ಒಡೆದು ಇಟ್ಟೆ. ನಾನು ಕೆಲಸಕ್ಕೆ ಹೋದಾಗ ತಿನ್ನುತ್ತಿತ್ತು, ಇದ್ದಾಗ ಇಲ್ಲ. ನನ್ನ ಕೆಲಸ ಗಣಿಯ ದೀಪದ ಕೋಣೆಯಲ್ಲಿ. ಇಳಿಯುವವರಿಗೆ ಕಿಟಕಿಯಿಂದ ದೀಪ ಕೊಡುವುದು, ಬಂದ ದೀಪವನ್ನು ಅವರವರ ನಂಬರಿನ ಕೊಕ್ಕೆಗೆ ಹಾಕುವುದು. ಮನೆಗೆ ಬಂದು ಸಾಬೂನಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದು ಒಲೆಯ ಮುಂದೆ ನೆಲದಲ್ಲಿ ಕೂರುತ್ತಿದ್ದೆ. ಗಣಿಯವರ ಹೆಂಡಂದಿರಿಗೆ ತೊಳೆಯುವುದೊಂದು ಹುಚ್ಚು. ಆ ಸಾಬೂನಿನ ವಾಸನೆಗೇ ಅದು ಹೆದರುತ್ತಿತ್ತೆಂದು ಹೊಳೆಯಲು ಒಂದು ವಾರ ಬೇಕಾಯಿತು.

ಅತ್ತೆ ಪರಸ್ಕೀವಾ ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗನನ್ನು ಕಳೆದುಕೊಂಡವಳ ಬಾಯಿ ಮೊದಲಿಗಿಂತ ಚೂಪಾಗಿತ್ತು.

"ಜನ ಏನಂತಾರೆ ಗೊತ್ತಾ? ಗಂಡನ್ನ ಗೋಡೆಗೆ ಕೊಟ್ಟು ಇಲಿ ಸಾಕ್ತಿದಾಳೆ ಅಂತ."

"ಅನ್ನಲಿ ಅತ್ತೆ."

"ನನ್ನ ಮಗನ ಮುಂದೆ ಇಷ್ಟು ಹೊತ್ತು ಕೂತಿದ್ಯೇನೆ ಯಾವತ್ತಾದ್ರೂ?"

ಕೂತಿರಲಿಲ್ಲ. ಅವನು ಬರುವಾಗ ನಾನು ಹೊರಡುತ್ತಿದ್ದೆ, ನಾನು ಬರುವಾಗ ಅವನು ಮಲಗಿರುತ್ತಿದ್ದ. ಪಾಳಿಗಳನ್ನು ಹಾಗೆ ಬರೆದವರು ನಾವಲ್ಲ.

ಒಂಬತ್ತನೇ ದಿನ ಕಚೇರಿಗೆ ಕರೆಸಿ ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡರು. ಸಾವು ತತ್‌ಕ್ಷಣ ಸಂಭವಿಸಿದೆ ಎಂದು ಅದರಲ್ಲಿ ಟೈಪಾಗಿತ್ತು. ನಾಲ್ಕು ಹೆಂಗಸರೂ ಹಾಕಿದೆವು. ತತ್‌ಕ್ಷಣ ಎಂಬ ಮಾತು ಅಂದು ನನಗೆ ಸಮಾಧಾನವನ್ನೇ ಕೊಟ್ಟಿತು. ಅದನ್ನು ನೆನೆದರೆ ಇಂದು ನನ್ನ ಬೆರಳನ್ನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಹತ್ತನೇ ದಿನ ಸಬೀನನ ಒಗೆಯದ ಗಣಿಯಂಗಿ ಹಾಕಿಕೊಂಡು ನೆಲಕ್ಕೆ ಕೂತೆ. ಕೈ ಚಾಚಿ ಅಲುಗಾಡದೆ ಇಟ್ಟೆ. ಇದು ಕಲ್ಲು ಎಂದು ಇಲಿಗೆ ಅನಿಸುವ ತನಕ ಕೈ ಕಲ್ಲಾಗಬೇಕು ಎಂದು ಅವನು ಹೇಳುತ್ತಿದ್ದ. ಅವತ್ತು ಸಂಜೆ ಅದು ಪೂರ್ತಿ ಹೊರಗೆ ಬಂತು. ಕಲ್ಲಿದ್ದಲ ಬಣ್ಣದ ಮೈ. ಎರಡು ಹೆಜ್ಜೆ ಇಟ್ಟು ಹಿಂಗಾಲಿನಿಂದ ಪಕ್ಕೆ ಕೆರೆದುಕೊಂಡಿತು, ಮತ್ತೆ ಎರಡು ಹೆಜ್ಜೆ, ಮತ್ತೆ ಕೆರೆತ.

"ತುರಿ ಹತ್ತಿದೆ ಅದಕ್ಕೆ," ಅತ್ತೆ ಅಂದಳು. "ಬಟ್ಟೆ ಹಾಕಿ ಹಿಡಿ, ಕೊಬ್ಬು ಕಾಯಿಸಿ ಹಚ್ಚಿಬಿಡೋಣ."

"ಹಿಡೀಬಾರದು ಅತ್ತೆ. ತಾನಾಗಿ ಬರ್ಲಿ."

ಅವಳೂ ಗಣಿಯವನ ವಿಧವೆ, ಗಣಿಯವನ ಮಗಳು. ಹೌದು ಎಂದು ತಲೆಯಾಡಿಸಿ ಹೋದಳು.

ಇಪ್ಪತ್ತನೇ ದಿನ ಅಂಗಿಯ ತೋಳಿನ ಅಂಚನ್ನು ಮೂಸಿತು. ಇಪ್ಪತ್ತಾರಕ್ಕೆ ನನ್ನ ಬೆರಳ ಪಕ್ಕ ಇಟ್ಟ ಕೊಬ್ಬನ್ನು ಕಿತ್ತುಕೊಂಡು ಓಡಿತು. ದಿನದಿನಕ್ಕೆ ಬೆಳೆಯುತ್ತಿತ್ತು, ದಪ್ಪವಾಗುತ್ತಿತ್ತು. ಬೆಳೆದಷ್ಟೂ ಕೆರೆತ ಹೆಚ್ಚು. ಪಕ್ಕೆಯ ಕೂದಲು ಅಂಟಂಟಾಗಿತ್ತು. ಬಾಗಿಲು ಸದ್ದಾದರೆ ಸಾಕು, ಮೈಯನ್ನು ಓರೆ ಮಾಡಿಕೊಂಡು ಓಡುತ್ತಿತ್ತು. ನಾನು ಅದನ್ನು ನಾಚಿಕೆ ಅಂದುಕೊಂಡೆ. ನೋವು ಎಂದು ಹೊಳೆಯಲಿಲ್ಲ.

ನಲವತ್ತನೇ ದಿನ ಶುಕ್ರವಾರ. ಬೆಳಿಗ್ಗೆ ಅತ್ತೆ ಹಿಟ್ಟನ್ನು ಜಡೆಯಂತೆ ಹೆಣೆದು ಸುಟ್ಟ ರೊಟ್ಟಿಯ ತುಂಡನ್ನು ಹಿಡಿದು, ಅಂಗಿ ತೊಟ್ಟು ಒಲೆಯ ಮುಂದೆ ಕೂತೆ. ಸಬೀನನಿಗೆ ಮುಟ್ಟಲಿ ಅಂದೆ. ಅದು ಬಂತು. ಕೈಯಿಂದ ಕಿತ್ತುಕೊಳ್ಳಲಿಲ್ಲ. ಮುಂಗಾಲೆರಡನ್ನೂ ನನ್ನ ಬೆರಳ ಮೇಲಿಟ್ಟು, ರೊಟ್ಟಿ ಹಿಡಿದು, ಅಲ್ಲೇ ತಿಂದಿತು. ಬಾಗಿಲಲ್ಲಿದ್ದ ಅತ್ತೆ ಶಿಲುಬೆಯ ಗುರುತು ಹಾಕಿಕೊಂಡಳು. ತಿಂದಾದ ಮೇಲೆ ಅಂಗೈಗೆ ಹತ್ತಿ ಬೆಚ್ಚಗೆ ಕೂತಿತು.

ಆಗ ಹೆಬ್ಬೆರಳಿಂದ ಅದರ ಪಕ್ಕೆ ಸವರಿದೆ. ಮುಂಗಾಲಿನ ಹಿಂದೆ, ಕೂದಲಿನಡಿ ಗಟ್ಟಿಯಾದದ್ದೇನೋ ತಾಗಿತು.

ತಂತಿ. ಮಸಿ ಹಿಡಿದು ಕಪ್ಪಾದ, ಸಿಡಿಮದ್ದಿಗೆ ಬಳಸುವ ತೆಳು ತಂತಿ. ಎದೆಯ ಸುತ್ತ ಬಳಸಿ ಕಟ್ಟಿತ್ತು. ಇಲಿ ಬೆಳೆದಂತೆ ಅದು ಮಾಂಸದೊಳಗೆ ಹೂತಿತ್ತು. ಅತ್ತೆಗೆ ಉಗುರುಕತ್ತರಿ ತಾ ಅಂದೆ. ಕತ್ತರಿಸಿ ಎಳೆಯುವಾಗ ಅದು ನಡುಗಿತು, ಕಚ್ಚಲಿಲ್ಲ.

ಮಸಿ ಒರೆಸಿದೆ. ತಂತಿಯಲ್ಲಿ ಸಾಲಾಗಿ ಮೂರು ಗಂಟು. ತಿರುವು ಎಡಗಡೆಗೆ. ನಮ್ಮ ಹಿತ್ತಿಲಿನ ಟೊಮೆಟೊ ಕೋಲುಗಳು, ಬಟ್ಟೆ ಒಣಹಾಕುವ ಸಾಲು, ಬಕೆಟ್ಟಿನ ಹಿಡಿ, ಎಲ್ಲವನ್ನೂ ಸಬೀನ ಇದೇ ತಂತಿಯಲ್ಲಿ ಕಟ್ಟಿದ್ದ. ಅವನು ಎಡಚ. ಅವನ ಗಂಟು ಬಿಚ್ಚಲು ಹದಿನೆಂಟು ವರ್ಷದಿಂದ ನಾನು ಬಯ್ದುಕೊಂಡೇ ಉಲ್ಟಾ ತಿರುಗಿಸುತ್ತಿದ್ದೆ.

ಮಧ್ಯಾಹ್ನದ ಪಾಳಿಗೆ ಹೋಗುವ ಮುನ್ನ ಊಟಕ್ಕೆಂದು ಗವ್ರಿಲ ಬಂದ. ತಂತಿಯನ್ನು ಅವನ ತಟ್ಟೆಯ ಪಕ್ಕ ಇಟ್ಟೆ. ಎಲ್ಲಿ ಸಿಕ್ಕಿತೆಂದು ಹೇಳಿದೆ. ಅವನು ಅದನ್ನು ಬೆರಳಲ್ಲಿ ಮೆಲ್ಲಗೆ ಸರಿಸುತ್ತ ಹೋದ. ಒಂದು, ಎರಡು, ಮೂರು.

"ಶನಿವಾರ ಇದರ ಮೈಮೇಲೆ ಏನೂ ಇರಲಿಲ್ಲ," ಅಂದ. "ನಾನೂ ಅಲ್ಲೇ ಇದ್ದೆ. ಬೆಳಕಲ್ಲಿ ನೋಡಿದ್ದೆ."

ಕೊಳವೆ ತುಂಡಾಗಿದ್ದಾಗ ಬಡಿಯಲು ಏನೂ ಉಳಿದಿರಲಿಲ್ಲ. ಕತ್ತಲಲ್ಲಿ ಅಂಗೈಗೆ ಹತ್ತಿದ ಇಲಿಗೆ ಅವನು, ಜೀವವಿದ್ದ ಒಬ್ಬೊಬ್ಬರಿಗೆ ಒಂದೊಂದು ಗಂಟಿನಂತೆ, ಲೆಕ್ಕ ಕಟ್ಟಿ ಕಳಿಸಿದ್ದ. ಆಚೆ ಕಡೆ ಅದನ್ನು ಯಾರಾದರೂ ಕೈಗೆತ್ತಿಕೊಳ್ಳುತ್ತಾರೆ ಎಂದು ನಂಬಿದ್ದ. ನಾವು ಎತ್ತಿಕೊಳ್ಳುವವರಲ್ಲ ಎಂಬುದು ಅವನಿಗೂ ಗೊತ್ತಿತ್ತಲ್ಲ. ಗೊತ್ತಿದ್ದೂ ಕಳಿಸಿದ.

"ನಾನು ಅವತ್ತು ಕೈಲಿ ಹಿಡಿದಿದ್ರೆ, ಅತ್ತಿಗೆ," ಗವ್ರಿಲ ಅಂದ. "ನಾಲ್ಕು ಇಟ್ಟಿಗೆ ಬಾಕಿ ಇತ್ತು."

"ನಾನೂ ಹಿಡೀಲಿಲ್ಲ," ಅಂದೆ. "ಆದ್ರೆ ಗೋಡೆ ಕಟ್ಟು ಅಂದದ್ದು ನೀನಲ್ಲ, ನಾನೂ ಅಲ್ಲ."

ಅದು ಅವನಿಗೆ ಸಮಾಧಾನವಾಗಲಿ ಎಂದು ಹೇಳಿದ್ದಲ್ಲ. ಅವನು ಊಟ ಮುಟ್ಟಲಿಲ್ಲ. ಅತ್ತೆ ಮೂಲೆಯಲ್ಲಿ ಕೂತು, ಯಾರ್ಯಾರು, ಯಾರ್ಯಾರು ಎಂದು ತನ್ನಲ್ಲೇ ಕೇಳಿಕೊಳ್ಳುತ್ತಿದ್ದಳು. ನಾಲ್ವರಲ್ಲಿ ಮೂವರು. ಗಂಟು ಹಾಕಿದವನು ಒಬ್ಬ, ಇನ್ನಿಬ್ಬರು ಯಾರು? ಉಳಿದ ಮೂರು ಮನೆಗಳಲ್ಲಿ ಇನ್ನು ಮುಂದೆ ಪ್ರತಿ ಹೆಂಗಸೂ, ನನ್ನವನು ಆ ಮೂವರಲ್ಲಿ ಇರದಿರಲಿ, ಅವನಿಗೆ ತತ್‌ಕ್ಷಣವೇ ಆಗಿರಲಿ ಎಂದು ದೇವರನ್ನು ಬೇಡುತ್ತಾಳೆ. ಬೇಡಿಕೊಳ್ಳಲಿಕ್ಕೆ ಇಷ್ಟನ್ನೇ ನಮಗೆ ಬಿಟ್ಟುಕೊಟ್ಟಿದ್ದಾರೆ.

ಇಲಿಯನ್ನು ಅತ್ತೆಯ ಮಡಿಲಲ್ಲಿಟ್ಟು ನಾವಿಬ್ಬರೂ ಗಣಿಗೆ ಹೋದೆವು.

ದೀಪದ ಕೋಣೆಯಲ್ಲಿ ನಲವತ್ತು ದಿನದಿಂದ ನಾಲ್ಕು ಕೊಕ್ಕೆ ಖಾಲಿ. ಸೋಮವಾರದಿಂದ ಆ ನಂಬರುಗಳನ್ನು ಹೊಸಬರಿಗೆ ಕೊಡಬೇಕೆಂದು ಆದೇಶ ಬಂದಿತ್ತು. ಮುನ್ನೂರ ಹದಿನೆಂಟು ಸಬೀನನದು. ಆ ಕೊಕ್ಕೆಗೆ ತಂತಿ ಹಾಕಿದೆ. ಕಿಟಕಿಯಿಂದ ಎಲ್ಲರಿಗೂ ಕಾಣುವಂತೆ ದೀಪವೊಂದನ್ನು ಅದರತ್ತ ತಿರುಗಿಸಿ ಹೊತ್ತಿಸಿಟ್ಟೆ.

ಮಧ್ಯಾಹ್ನದ ಪಾಳಿಯವರು ಬಂದರು. ಮೊದಲನೆಯವನು ದೀಪಕ್ಕೆ ಕೈ ಚಾಚಿ, ಕೊಕ್ಕೆ ನೋಡಿ, ಏನದು ಅಂದ. ಗವ್ರಿಲ ಕಿಟಕಿಯ ಪಕ್ಕ ನಿಂತು ಹೇಳಿದ. ಇನ್‌ಸ್ಪೆಕ್ಟರ್ ಹೇಗೆ ಬಂತು, ತಾನು ಹೇಗೆ ಮುಟ್ಟಲಿಲ್ಲ, ಹೇಗೆ ಗಾರೆ ಬಳಿದೆ ಎಂದು. ಒಂದನ್ನೂ ಮುಚ್ಚಿಡಲಿಲ್ಲ. ಮೊದಲನೆಯವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಗೊರಗಿ ನಿಂತ. ಎರಡನೆಯವನೂ. ಹಿಂದಿನವರಿಗೆ ಮುಂದಿನವರು ಹೇಳಿದರು. ಯಾರೂ ದೀಪ ತೆಗೆದುಕೊಳ್ಳಲಿಲ್ಲ.

ಸುದ್ದಿ ಹೋಗಿ ಮುಖ್ಯ ಇಂಜಿನಿಯರ್ ಬಂದ. ಇದೇನು ನಿಂತಿದ್ದೀರಿ ಅಂದ. ಆಮೇಲೆ ಎಲ್ಲರೂ ನೋಡುತ್ತಿದ್ದ ಕಡೆ ನೋಡಿದ. ಒಳಗೆ ಬಂದು ಕೊಕ್ಕೆಯತ್ತ ಕೈ ಎತ್ತಿದ.

"ಮುಟ್ಟಬೇಡಿ," ಗವ್ರಿಲ ಅಂದ. ಮೆಲ್ಲಗೇ ಅಂದ.

ಎತ್ತಿದ ಕೈ ಹಾಗೇ ನಿಂತಿತು. ಎರಡು ಗಂಟೆಯ ಸೈರನ್ ಕೂಗಿತು. ಜನರನ್ನು ಇಳಿಸುವ ಬೋನು ಖಾಲಿಯಾಗಿಯೇ ಕೆಳಗೆ ಹೋಯಿತು.