ಮಲಕಮ್ಮನ ದವಡೆಹಲ್ಲು

ದೇವಾಪುರದಲ್ಲಿ ಹಲ್ಲುನೋವು ಯಾರಿಗೆ ಬೇಕಾದರೂ ಬರಬಹುದಿತ್ತು, ಮಲಕಮ್ಮನೊಬ್ಬಳಿಗೆ ಬರುವಂತಿರಲಿಲ್ಲ. ಸುತ್ತಲಿನ ಹಳ್ಳಿಗಳ ಹಲ್ಲಿನ ಹುಳಗಳೆಲ್ಲ ಉದುರುತ್ತಿದ್ದುದು ಅವಳ ಅಂಗಳದಲ್ಲಿ. ಅದು ಅತ್ತೆಯಿಂದ ಬಂದ ವಿದ್ಯೆ. ಪರಾತದಲ್ಲಿ ನೀರು, ನೀರಿನ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾದ ಕಬ್ಬಿಣದ ತುಂಡು, ಅದರ ಮೇಲೆ ಎಣ್ಣೆ ಹಚ್ಚಿದ ನೆಲಗುಳ್ಳದ ಬೀಜ. ಇಷ್ಟರ ಮೇಲೆ ತೂತಿನ ಗಡಿಗೆ ಬೋರಲು ಹಾಕಿ, ತೂತಿಗೆ ಔಡಲ ಎಲೆಯ ಟೊಳ್ಳು ದಂಟು ಸಿಕ್ಕಿಸಿ, ಬರುವ ಹೊಗೆಯನ್ನು ನೋಯುವ ಹಲ್ಲಿಗೆ ಹಿಡಿಯಬೇಕು. ಆಮೇಲೆ ಗಡಿಗೆ ಎತ್ತಿದರೆ ನೀರಿನಲ್ಲಿ ಬಿಳಿಯ, ಸಣ್ಣ, ಬಾಗಿದ ಹುಳಗಳು ತೇಲುತ್ತಿದ್ದವು. ಕಣ್ಣಾರೆ ಕಂಡ ಮೇಲೆ ಇನ್ನೇನು ಬೇಕು? ನೋವು ಹೋಗದವರು ಕೂಡ "ಹುಳಾ ಅಂತೂ ಹೋದ್ವು" ಎಂದು ಸಮಾಧಾನದಿಂದ ನರಳುತ್ತ ಮನೆ ಸೇರುತ್ತಿದ್ದರು.

ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆಂದು ಅತ್ತೆ ಹೇಳಿದ್ದಳು. ಹೀಗಾಗಿ ಮಲಕಮ್ಮನಿಗೆ ದಕ್ಕಿದ್ದು ಒಂದು ತೆಂಗಿನಕಾಯಿ ಮತ್ತು ಹೆಸರು. ಗಂಡ ಬಿಟ್ಟುಹೋದ ಕುರಿಗಳನ್ನು ಮಕ್ಕಳು ಪಾಲು ಮಾಡಿಕೊಂಡಿದ್ದರು. ಹೆಸರನ್ನು ಪಾಲು ಮಾಡುವ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಮದುವೆ ಊಟದಲ್ಲಿ ಮುಂದಿನ ಸಾಲು, ಸೊಸೆಯ ಬಾಯಿ ತುಸು ತಗ್ಗಿರುವುದು, ಗೊಬ್ಬರದ ಅಂಗಡಿಯ ಚಂದ್ರಾಮಪ್ಪ ಸಾವಕಾರ ಕೂಡ "ಮಲಕಮ್ಮಕ್ಕ" ಎನ್ನುವುದು, ಎಲ್ಲ ಆ ಹೆಸರಿನ ಫಸಲು.

ಅಂಥವಳ ಎಡದವಡೆಯ ಹಿಂದಿನ ಹಲ್ಲು ನೋಯತೊಡಗಿತು.

ಸೊಸೆ ರೇಣಮ್ಮ ಹತ್ತಿ ಹೊಲಕ್ಕೆ ಕಳೆ ತೆಗೆಯಲು ಹೋದಾಗ ಮಲಕಮ್ಮ ಬಾಗಿಲು ಹಾಕಿಕೊಂಡು ತನಗೆ ತಾನೇ ಹೊಗೆ ಹಿಡಿದಳು. ಹುಳ ಬಿದ್ದವು, ನೋವು ಬೀಳಲಿಲ್ಲ. ಮರುದಿನ ಮತ್ತೆ ಹಿಡಿದಳು. ಇನ್ನಷ್ಟು ಹುಳ. ಮೂರನೆಯ ಸಲ ನೋವಿಗೆ ಬಾಯಿ ತೆರೆಯಲೂ ಆಗದೆ ಗಲ್ಲ ಹಿಡಿದು ಕುಳಿತಳು; ಹೊಗೆಯೆಲ್ಲ ಮಾಳಿಗೆಗೆ ಹೋಯಿತು. ರೂಢಿಯಂತೆ ಗಡಿಗೆ ಎತ್ತಿ ನೋಡಿದರೆ, ಯಾವಾಗಿನಷ್ಟೇ ಹುಳಗಳು ಯಾವಾಗಿನಂತೆಯೇ ತೇಲುತ್ತಿದ್ದವು. ಮಾಳಿಗೆಗೆ ಹಲ್ಲಿರಲಿಲ್ಲ. ಮಲಕಮ್ಮ ಬಹಳ ಹೊತ್ತು ಪರಾತ ನೋಡಿದಳು. ನೀರನ್ನು ತಿಪ್ಪೆಗೆ ಚೆಲ್ಲಿದಳು. ಯಾರಿಗೂ ಹೇಳಲಿಲ್ಲ, ತನಗೂ ಪೂರ್ತಿ ಹೇಳಿಕೊಳ್ಳಲಿಲ್ಲ.

ಊಟಕ್ಕೆ ಕುಳಿತಾಗ ರೇಣಮ್ಮ ಕೇಳಿದಳು: "ಅತ್ತಿ, ರೊಟ್ಟಿ ಯಾಕ ಸಾರಿನ್ಯಾಗ ನೆನಸಾಕತ್ತೀರಿ? ಹಲ್ಲು ಗಿಲ್ಲು..."

"ನನ್ನ ಹಲ್ಲಿಗೇನಾಗ್ಯಾದ? ನಿನ್ನ ರೊಟ್ಟಿ ಚಪ್ಪಲಿ ಆಗ್ಯಾವು. ಅದಕ್ಕ ನೆನಸೀನಿ."

ನೋವು ಕಿವಿಗೆ ಏರಿ, ಅಲ್ಲಿಂದ ನೆತ್ತಿಗೆ ಹೋದಾಗ ಮಲಕಮ್ಮನಿಗೆ ಅಬ್ಬೆತುಮಕೂರಿನ ಮಠದ ಹರಕೆಯೊಂದು ನೆನಪಾಯಿತು. ಸುರಪುರದಲ್ಲಿ ಹಲ್ಲಿನ ಡಾಕ್ಟರ್ ಇಲ್ಲವೆಂದಲ್ಲ. ಆದರೆ ಸುರಪುರದ ಬಜಾರದಲ್ಲಿ ಕೆಮ್ಮಿದರೆ ದೇವಾಪುರದಲ್ಲಿ ಕಷಾಯ ಕಾಯಿಸುತ್ತಾರೆ. ಮಠಕ್ಕೆ ಹೋಗುವ ಬಸ್ಸು ಶಹಾಪುರ ಹಾದೇ ಯಾದಗಿರಿಗೆ ಹೋಗಬೇಕು. ಅವಳು ಶಹಾಪುರದಲ್ಲಿ ಇಳಿದಳು. ಮನೆಯಲ್ಲಿ ಹೇಳಿದ ಸುಳ್ಳು ಅರ್ಧ ದಾರಿಯವರೆಗೆ ನಿಜವೇ ಆಗಿತ್ತು.

ಹಲ್ಲಿನ ದವಾಖಾನೆ ಹತ್ತಿಬೀಜದ ಅಂಗಡಿಯ ಮಾಳಿಗೆಯ ಮೇಲಿತ್ತು. ಮಲಕಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಬೆಂಚಿನ ತುದಿಗೆ ಕುಳಿತಳು. ಪಕ್ಕದಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ಗಂಡಸು. ಅವನು ನರಳಿದ. ಆ ನರಳಿಕೆ ಅವಳ ಅಂಗಳದಲ್ಲೇ ಕೇಳಿದ್ದು.

"ಸಾವ್ಕಾರ್ರ?"

ಟವೆಲ್ ಸರಿಯಿತು. "ಮಲಕಮ್ಮಕ್ಕ! ನೀ ಇಲ್ಲಿ?"

"ಅಬ್ಬೆತುಮಕೂರಿಗೆ ಹೊಂಟೀನ್ರಿ."

"ನಾನೂ ಅಲ್ಲಿಗೇ," ಎಂದ ಚಂದ್ರಾಮಪ್ಪ.

ಎದುರಿನ ಗೋಡೆಯ ಮೇಲೆ ಆಳೆತ್ತರದ ದವಡೆಯ ಚಿತ್ರವಿತ್ತು. ಇಬ್ಬರೂ ಅದನ್ನು ಭಕ್ತಿಯಿಂದ ನೋಡಿದರು.

"ನಿಮ್ಮ ಹುಳಾ ಬ್ಯಾಸಿಗ್ಯಾಗೇ ತಗದಿದ್ನೆಲ್ರಿ?"

"ತಗದಿದ್ದಿ. ಹುಳಾ ಹೋದ್ವು, ನೋವು ಉಳೀತು. ಅದಿರಲಿ, ನೀ ಯಾಕ ಬಂದಿ?"

"ಸುಮ್ನ. ಇವರು ಹೆಂಗ ಮಾಡ್ತಾರ ನೋಡಮಂತ."

"ಮತ್ತ ಗಲ್ಲಾ ಯಾಕ ಉಬ್ಯಾದ?"

"ನೋಡಾಕ ಬಂದೋರ ಗಲ್ಲಾ ಉಬ್ಬಬಾರದೇನ್ರಿ?"

ಚಂದ್ರಾಮಪ್ಪ ನಗಲು ಹೋಗಿ ಅಯ್ಯೋ ಎಂದ. ಆಮೇಲೆ ದನಿ ತಗ್ಗಿಸಿದ: "ನಮ್ಮ ಮನಿಯಾಕಿಗೆ ಮಾತ್ರ ಹೇಳಬ್ಯಾಡಕ್ಕ." ಕಾರಣ ಮಲಕಮ್ಮನಿಗೂ ಗೊತ್ತಿತ್ತು. ಅವನ ಹೆಂಡತಿ ಗೊಲ್ಲಾಳಮ್ಮ ಹಲ್ಲು ನೋಯುತ್ತದೆ, ಶಹಾಪುರಕ್ಕೆ ಕರೆದುಕೊಂಡು ಹೋಗಿರಿ ಎಂದಾಗ, ನಾಲ್ಕು ಜನರೆದುರು "ಊರಾಗ ಮಲಕಮ್ಮಕ್ಕ ಇರೂತನಕ ಡಾಕ್ಟರ್ ಯಾಕ ಬೇಕ?" ಎಂದವನು ಅವನೇ. ಆಡಿದ ಮಾತಿಗೆ ತಪ್ಪದ ಮನುಷ್ಯ. ಹೆಂಡತಿಯ ಹಲ್ಲಿನ ವಿಷಯದಲ್ಲಂತೂ ತಪ್ಪಿರಲಿಲ್ಲ. ಅಂದಿನಿಂದ ಗೊಲ್ಲಾಳಮ್ಮ ಮಲಕಮ್ಮನ ಅಂಗಳಕ್ಕೆ ಬರುತ್ತಲೇ ಇದ್ದಳು, ಹುಳಗಳೂ ಬೀಳುತ್ತಲೇ ಇದ್ದವು.

ಡಾಕ್ಟರ್ ಜ್ಯೋತಿ ಮೊಮ್ಮಗಳ ವಯಸ್ಸಿನವಳು. ಮಲಕಮ್ಮನ ಹಲ್ಲಿನ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಳು.

"ಹುಳಾ ಎಲ್ಲದ ಯವ್ವಾ?" ಎಂದಳು ಮಲಕಮ್ಮ. ಬಾಳಿನಲ್ಲೇ ಅವಳು ಇಷ್ಟು ಆಸೆಯಿಂದ ಯಾವ ಹುಳವನ್ನೂ ಹುಡುಕಿರಲಿಲ್ಲ.

"ಹಲ್ಲಿನಾಗ ಎಲ್ಲಿ ಹುಳ, ಆಯಿ? ಇದು ಕೊಳತದ್ದು. ತಿಂದದ್ದು ಸಂದ್ಯಾಗ ಕುಂತು, ಅದರಾಗಿನ ಸಕ್ಕರಿ ಹುಳಿಯಾಗಿ ಹಲ್ಲು ಸವಸ್ತದ. ಮ್ಯಾಲ ಸೂಜಿಯಷ್ಟು ತೂತು, ಒಳಗ ದೊಡ್ಡ ಬಾವಿ. ಆ ತೂತು ನರದ ತನಕ ಮುಟ್ಯಾದ. ಚಾಕ್ಕ ಸಕ್ಕರಿ ಎಷ್ಟು ಹಾಕೋತಿ?"

"ಎಲ್ಲಾರೂ ಹಾಕೊಳ್ಳೋವಷ್ಟು."

"ಅಂದ್ರ ಭಾಳ. ರಾತ್ರಿ ಬಾಯಿ ತೊಳಕೊಂಡು ಮಲಗ್ತಿಯೇನು?"

"ದೇವರ ಹೆಸರು ತಗೊಂಡು ಮಲಗ್ತೀನಿ."

ಮಲಕಮ್ಮ ಸ್ವಲ್ಪ ತಡೆದು ಕೇಳಿದಳು: "ನಮ್ಮ ಕಡಿ ಹೊಗಿ ಹಿಡಿತಾರ. ಭಾಳ ಮಂದಿಗ ನೋವು ಹೋಗ್ಯಾದವ್ವ. ಅದು ಹೆಂಗ?"

"ಹೊಗಿಗಿ ಜರಾ ಜೋಮು ಬರ್ತದ. ಇಲ್ಲಾಂದ್ರ ಒಳಗಿನ ನರಾನೇ ಸತ್ತಿರ್ತದ. ಸತ್ತ ನರ ನೋಯಂಗಿಲ್ಲ. ಮಂದಿ ಆರಾಮಾತು ಅಂತಾರ. ಒಳಗ ಬೇರಿನಾಗ ಕೀವು ತುಂಬಾಕತ್ತಿರ್ತದ."

"ಗದ್ದದ ಕೆಳಗ ಬಾವು ಬಂದು, ಜ್ವರ ಬಂದು, ಬಾಯಿ ಅಗಲಕ್ಕ ತಗಿಲಿಕ್ಕಾಗದಿದ್ರ?"

ಡಾಕ್ಟರ್ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. "ಯಾರಿಗಾಗ್ಯಾದ ಹಂಗ? ಆ ಬಾವು ಕುತ್ತಿಗಿಗೆ ಇಳದ್ರ ಉಸುರು ಕಟ್ತದ. ಅವರನ್ನ ಇವತ್ತೇ ದವಾಖಾನಿಗೆ ತರಬೇಕು, ನಾಳಿ ಅಲ್ಲ."

ಮಲಕಮ್ಮನ ಕಣ್ಣು ಬಾಗಿಲಾಚೆಯ ಬೆಂಚಿಗೆ ಹೋಯಿತು. ಸೂಜಿ ಚುಚ್ಚಿದ್ದರಿಂದ ಬಾಯಿ ಆಗಲೇ ಅರ್ಧ ಸತ್ತಿತ್ತು. ಡಾಕ್ಟರ್ ಬೇರಿನ ಒಳಗಿನ ಕೊಳೆ ತೆಗೆದು, ಔಷಧ ತುಂಬಿ, ಇನ್ನೆರಡು ಸಲ ಬಾ, ಆಮೇಲೆ ಹಲ್ಲಿಗೆ ಟೊಪ್ಪಿಗೆ ಹಾಕುತ್ತೇನೆಂದಳು. ಚಂದ್ರಾಮಪ್ಪನ ಹಲ್ಲು ಉಳಿಯುವ ಹಂತ ದಾಟಿತ್ತು. ಅದನ್ನು ಕಿತ್ತು, ಅರ್ಧ ತಾಸು ಕಚ್ಚಿ ಹಿಡಿ ಎಂದು ಹತ್ತಿ ಇಟ್ಟು ಕಳಿಸಿದಳು. ಅವನು ಅಂಜಿಕೆಗೆ ದಾರಿಯುದ್ದಕ್ಕೂ ಕಚ್ಚಿಕೊಂಡೇ ಇದ್ದ.

ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಇಬ್ಬರೂ ವಿಭೂತಿ ಕೊಂಡು ಹಣೆ ತುಂಬ ಬಳಿದುಕೊಂಡರು. ಮಠಕ್ಕೆ ನಿಜವಾಗಿ ಹೋದವರು ಅಷ್ಟು ಹಚ್ಚಿಕೊಳ್ಳುವುದಿಲ್ಲ.

"ಸಾವ್ಕಾರ್ರ, ಗೊಲ್ಲಾಳವ್ವನ ಇವತ್ತೇ ಕರಕೊಂಡು ಬರಬೇಕು ನೋಡ್ರಿ. ಜೀವದ ಮಾತದ."

"ಏನಂತ ಕರಕೊಂಡು ಬರಲಿ?" ಎಂದ ಅವನು ಹತ್ತಿಯ ಸಂದಿಯಿಂದ. "ಡಾಕ್ಟರ್ ಬ್ಯಾಡಂದಾವ ನಾನೇ. ಊರಾಗ ನನ್ನ ಮಾತಿಗೊಂದು ಕಿಮ್ಮತ್ತದ. ನೀನೇ ಇನ್ನೊಮ್ಮಿ ಹೊಗಿ ಹಾಕು. ನಿನ್ನ ಹೆಸರೂ ಉಳೀತದ, ನಂದೂ ಉಳೀತದ."

ಊರು ಮುಟ್ಟಿದಾಗ ಗೊಲ್ಲಾಳಮ್ಮ ಮಲಕಮ್ಮನ ಅಂಗಳದಲ್ಲೇ ಕುಳಿತಿದ್ದಳು. ಮಡಿಲಲ್ಲಿ ತೆಂಗಿನಕಾಯಿ. ಗದ್ದದ ಕೆಳಗೆ ಇನ್ನೊಂದು ಗದ್ದ ಬೆಳೆದಂತೆ ಬಾವು. ರೇಣಮ್ಮ ಕಬ್ಬಿಣ ಕಾಯಿಸಿ, ಪರಾತಕ್ಕೆ ನೀರು ಹಾಕಿ, ಅತ್ತೆಗಾಗಿ ಎಲ್ಲ ಸಿದ್ಧ ಮಾಡಿದ್ದಳು. ಓಣಿಯ ಜನ ಹುಳ ನೋಡಲು ಸೇರಿದ್ದರು. ಹೆಂಡತಿಯನ್ನು ಹುಡುಕಿಕೊಂಡು ಬಂದ ಚಂದ್ರಾಮಪ್ಪ ಬಾಗಿಲ ಬಳಿ ನಿಂತ.

"ಬಾಯಿ ತಗಿ ತಂಗಿ."

ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಬೀಜ ಹಾಕಿದರೆ ಹುಳ ಬೀಳುತ್ತವೆ. ಜನ ಖುಷಿಯಾಗಿ ಮನೆಗೆ ಹೋಗುತ್ತಾರೆ. ಗೊಲ್ಲಾಳಮ್ಮ ಎಲ್ಲಿಗೆ ಹೋಗುತ್ತಾಳೆ? ಮಲಕಮ್ಮ ಬೀಜದ ಮುಷ್ಟಿಯನ್ನು ಬಿಚ್ಚಿ ಎಲ್ಲವನ್ನೂ ಒಲೆಗೆ ಸುರಿದಳು.

"ಇದು ಹೊಗಿಗಿ ಹೋಗೋದಲ್ಲ. ಬೇರಿನಾಗ ಕೀವದ. ಈಗಿಂದೀಗ ಶಹಾಪುರಕ್ಕ ಹೋಗು."

"ಇವರು ಬಿಡಂಗಿಲ್ಲಕ್ಕ," ಎಂದಳು ಗೊಲ್ಲಾಳಮ್ಮ ಹಲ್ಲು ಬಿಡದೆ.

"ಬಿಡ್ತಾರ. ದಾರಿ ಅವರಿಗೆ ಗೊತ್ತದ. ಇವತ್ತೇ ಹಲ್ಲು ಕೀಳಿಸಿಕೊಂಡು ಬಂದಾರ. ಬಾಯಿ ತಗಿ ಅನ್ನು, ಹತ್ತಿ ಇನ್ನೂ ಒಳಗೇ ಅದ."

ಎಲ್ಲರೂ ತಿರುಗಿದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಹತ್ತಿ. ಕಟ್ಟೆಯ ಮೇಲಿದ್ದ ಮುದುಕ ದೇವಿಂದ್ರಪ್ಪ ಗಂಭೀರವಾಗಿ ಕೇಳಿದ: "ಯಾಕೋ ಚಂದ್ರಾಮ, ಮಠದಾಗ ಈಗ ಪ್ರಸಾದಕ್ಕ ಹತ್ತಿ ಕೊಡಾಕತ್ತಾರೇನು?"

ಸಾವಕಾರ ಉತ್ತರಿಸಲು ಬಾಯಿ ತೆರೆದ, ಅದೇ ಉತ್ತರವಾಯಿತು. ಗೊಲ್ಲಾಳಮ್ಮ ಗಂಡನನ್ನು ನೋಡಿದ ನೋಟಕ್ಕೆ ಅವನು ಅಲ್ಲೇ ಫೋನ್ ತೆಗೆದು ಜೀಪು ಕರೆಸಿದ.

"ನಿನಗ ಹೆಂಗ ಗೊತ್ತಾತಬೇ?" ಎಂದು ಜನ ಮಲಕಮ್ಮನನ್ನು ಕೇಳಿದರು.

ಹೆಸರು ಹೋಗುವುದಿದ್ದರೆ ಪೂರ್ತಿ ಹೋಗಲಿ ಎಂದುಕೊಂಡಳು. "ನಾನೂ ಅಲ್ಲೇ ಇದ್ನಿ. ಕಣ್ಣಾರೆ ನೋಡೀನಿ. ನನ್ನ ಹುಳಾ ಎಲ್ಲಾ ಬೀಜದ ಒಳಗಿನ ಮೊಳಕಿ, ಹಲ್ಲಿನವಲ್ಲ." ಜೋಮು ಹಿಡಿದ ಬಾಯಿ ಸೊಟ್ಟಗಾಗಿ, ಮಾತು ಎಳೆದೆಳೆದು ಬಂತು.

"ನೀವು ಮಠಕ್ಕ ಹೋಗಿದ್ರೆಲ್ರಿ ಅತ್ತಿ!" ಎಂದಳು ರೇಣಮ್ಮ. ಎಲ್ಲರೂ ಮಲಕಮ್ಮನ ಹಣೆಯ ವಿಭೂತಿ ನೋಡಿದರು. ದೇವಿಂದ್ರಪ್ಪ ಕಟ್ಟೆಯಿಂದ ಇಳಿದು ಕೈ ಮುಗಿದ. "ಮಠದಾಗ ಕುಂತು ಶಹಾಪುರ ನೋಡ್ಯಾಳ," ಎಂದ. "ಬಾಯಿ ನೋಡ್ರಿ ಹೆಂಗ ತಿರುಗ್ಯಾದ. ಆಕಿ ಮಾತಾಡಾಕತ್ತಿಲ್ಲ, ಮಠದ ಸ್ವಾಮಿಗಳು ಆಕಿ ಕೈಲೆ ಮಾತಾಡಸಾಕತ್ತಾರ."

ಮಲಕಮ್ಮ ಇಲ್ಲ ಇಲ್ಲ ಎಂದಳು. ದೊಡ್ಡವರು ಹಾಗೇ ಅನ್ನುತ್ತಾರೆ ಎಂದು ಜನ ಒಪ್ಪಿಕೊಂಡರು.

ಗೊಲ್ಲಾಳಮ್ಮ ಉಳಿದಳು. ತಡಮಾಡಿದ್ದರೆ ಕಷ್ಟವಿತ್ತೆಂದು ಡಾಕ್ಟರ್ ಹೇಳಿದ್ದು ಊರಿಗೆಲ್ಲ ತಿಳಿದು ಮಲಕಮ್ಮನ ಹೆಸರು ಸುರಪುರ ದಾಟಿತು. ಈಗ ಅವಳು ಬೀಜ ಮುಟ್ಟುವುದಿಲ್ಲ; ಬಂದವರ ಬಾಯಿ ನೋಡಿ, ಚಹಾದ ಸಕ್ಕರೆಗೆ ಬೈದು, ಎಲ್ಲರನ್ನೂ ಶಹಾಪುರಕ್ಕೆ ಅಟ್ಟುತ್ತಾಳೆ. ಅವಳು ಹೇಳದೆ ಯಾರೂ ಡಾಕ್ಟರರ ಹತ್ತಿರ ಹೋಗುವುದಿಲ್ಲ. ಡಾಕ್ಟರ್ ಜ್ಯೋತಿ ಮಾತ್ರ ದೇವಾಪುರದಿಂದ ಬಂದವರಿಗೆ ಮೊದಲು ಹೇಳುವ ಮಾತನ್ನು ಬದಲಿಸಿಕೊಂಡಿದ್ದಾಳೆ. ಹುಳವಿಲ್ಲ ಎಂದರೆ ಅವರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಮಲಕಮ್ಮ ಹೇಳಿದ್ದು ಸರಿ ಎಂದರೆ ಬಾಯಿ ತೆರೆಯುತ್ತಾರೆ.